ತಂತಿಯ ಸಂಗ ಬಿಡದ ಗಾಡಿ: ಫ್ರಾಂಕ್ ಜೂಲಿಯನ್ ಸ್ಪ್ರೇಗ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಹಲವರಿದ್ದಾರೆ. ನಾನು ಈ ಶಾಲೆಯಿಂದ ಹೊರಬಿದ್ದ ಮೇಲೆ ಮೂವತ್ತು ಚಿಲ್ಲರೆ ವರ್ಷ ಕಂಬ, ತಂತಿ, ಫ್ಯೂಸುಗಳ ಜೊತೆಯಲ್ಲೇ ಕಳೆದವನು. ಆ ಅವಧಿಯಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದರೆ ಲೂಸ್ ಕಾಂಟ್ಯಾಕ್ಟ್. ಮಿಕ್ಸಿ ನಿಂತರೂ ಅದೇ, ಪಂಪ್‌ಸೆಟ್ಟು ಗುಂಯ್ ಎಂದು ಸುಮ್ಮನಾದರೂ ಅದೇ, ಮದುವೆ ಮನೆಯ ಸೀರಿಯಲ್ ಸೆಟ್ಟು ಮಿಣಮಿಣ ಎಂದರೂ ಅದೇ. ಅಲುಗಾಡದೆ ನಿಂತ ತಂತಿಯಲ್ಲೇ ಇಷ್ಟು ತಾಪತ್ರಯವಿರುವಾಗ, ಉಬ್ಬುತಗ್ಗಿನ ಬೀದಿಯಲ್ಲಿ ಜನರನ್ನು ಹೊತ್ತು ಓಡುವ ಗಾಡಿಗೆ ತಲೆಯ ಮೇಲಿನ ತಂತಿಯಿಂದ ಕಡಿಯದಂತೆ ಕರೆಂಟು ಕೊಡುವುದು ಎಂಥ ಕೆಲಸವಾಗಿದ್ದೀತು? ಅದನ್ನು ಒಂದು ಇಡೀ ಊರಿನ ಅಳತೆಯಲ್ಲಿ ಸಾಧಿಸಿ ತೋರಿಸಿದವರು ಫ್ರಾಂಕ್ ಸ್ಪ್ರೇಗ್. ತಮ್ಮ ಕಾಲದಲ್ಲಿ ಬಹು ಪ್ರಸಿದ್ಧರಾಗಿದ್ದವರು. ನಮ್ಮ ಪಠ್ಯಪುಸ್ತಕಗಳಲ್ಲಿ ಎಡಿಸನ್ ಇದ್ದಾರೆ, ಇವರಿಲ್ಲ.

ಸ್ಪ್ರೇಗ್ ಹುಟ್ಟಿದ್ದು 1857ರ ಜುಲೈ 25ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಲ್‌ಫರ್ಡ್ ಎಂಬಲ್ಲಿ. ಎಂಟೊಂಬತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಕೆಲಸ ಹುಡುಕಿಕೊಂಡು ಪಶ್ಚಿಮದ ಕಡೆಗೆ ಹೊರಟುಹೋದರು. ಮಕ್ಕಳನ್ನು ಸಾಕುವ ಹೊಣೆ ತಂದೆಯ ತಂಗಿಯ ಪಾಲಿಗೆ ಬಂತು. ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್ ಎಂಬ ಊರಿನಲ್ಲಿದ್ದ ಈ ಸೋದರತ್ತೆ ಶಾಲಾ ಶಿಕ್ಷಕಿಯಾಗಿದ್ದವರು. ನಾರ್ತ್ ಆಡಮ್ಸ್ ಎಂದರೆ ಬಟ್ಟೆ ಗಿರಣಿ, ಪಾದರಕ್ಷೆ ಕಾರ್ಖಾನೆಗಳ ಊರು. ಪಕ್ಕದ ಬೆಟ್ಟವನ್ನು ಕೊರೆದು ಹೂಸಾಕ್ ಎಂಬ ರೈಲು ಸುರಂಗ ತೆಗೆಯುವ ಕೆಲಸ ಆಗ ವರ್ಷಗಟ್ಟಲೆಯಿಂದ ನಡೆದಿತ್ತು. ಬಾಲಕನ ಕಿವಿಗೆ ಆ ಸಿಡಿಮದ್ದಿನ ಸದ್ದು ಬೀಳದೆ ಇದ್ದಿರಲಾರದು. ಓದಿದ್ದು ಊರಿನ ಸಾರ್ವಜನಿಕ ಶಾಲೆಯಾದ ಡ್ರೂರಿ ಹೈಸ್ಕೂಲಿನಲ್ಲಿ. ಗಣಿತದಲ್ಲಿ ಗಟ್ಟಿಗ ಎಂದು ಅಲ್ಲೇ ಹೆಸರಾಯಿತು.

ಮುಂದೆ ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಸರ್ಕಾರದ ಖರ್ಚಿನಲ್ಲಿ ಓದು ಸಿಗುವ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಪರೀಕ್ಷೆಗೆಂದು ಹುಡುಗ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಹೋದ. ಹೋಗಿ ನೋಡಿದರೆ ಅಲ್ಲಿ ನಡೆಯುತ್ತಿದ್ದದ್ದು ಭೂಸೇನೆಯ ಪರೀಕ್ಷೆಯಲ್ಲ, ಅನಾಪೊಲಿಸ್ ನೌಕಾ ಅಕಾಡೆಮಿಯ ಪರೀಕ್ಷೆ! ಬಂದದ್ದಾಯಿತು, ಬರೆದೇಬಿಡೋಣ ಎಂದು ಕುಳಿತವನು ಮೊದಲ ಸ್ಥಾನದಲ್ಲಿ ಪಾಸಾದ. ಅನಾಪೊಲಿಸ್‌ಗೆ ಹೋಗಿ ಸೇರಲೂ ಊರಿನವರಿಂದ ಸಾಲ ಎತ್ತಬೇಕಾಯಿತು. ಇಂಥ ಸಾಲದ ಕಥೆ ನಮ್ಮ ಶಾಲೆಯ ಎಷ್ಟು ಮನೆಗಳಲ್ಲಿ ಇದೆಯೋ! 1878ರಲ್ಲಿ ಸ್ಪ್ರೇಗ್ ಏಳನೆಯ ಸ್ಥಾನ ಪಡೆದು ಅಲ್ಲಿಂದ ಹೊರಬಂದರು.

ನೌಕಾದಳದಲ್ಲಿ ಅವರಿಗೆ ಹಡಗಿಗಿಂತ ವಿದ್ಯುತ್ತಿನ ಮೇಲೇ ಹೆಚ್ಚು ಧ್ಯಾನ. ಲ್ಯಾಂಕಾಸ್ಟರ್ ಎಂಬ ಹಡಗಿನಲ್ಲಿ ವಿದ್ಯುತ್ ಕರೆಗಂಟೆ ಕಟ್ಟಿದರು. ಅಮೆರಿಕದ ನೌಕಾದಳಕ್ಕೆ ಅದೇ ಮೊದಲ ಕರೆಗಂಟೆ. 1882ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನಕ್ಕೆ ರಜೆ ಪಡೆದು ಹೋಗಿ, ಅಲ್ಲಿ ತೀರ್ಪುಗಾರರ ಮಂಡಳಿಯ ಕಾರ್ಯದರ್ಶಿಯಾದರು. ದಿನವೂ ಓಡಾಡುತ್ತಿದ್ದುದು ನೆಲದೊಳಗಿನ ರೈಲಿನಲ್ಲಿ. ಆಗ ಸುರಂಗದೊಳಗೆ ಓಡುತ್ತಿದ್ದದ್ದೂ ಉಗಿಬಂಡಿಯೇ. ಹೊಗೆಯಲ್ಲಿ ಕೆಮ್ಮುತ್ತ ಕೂತ ಆ ತರುಣ ಅಧಿಕಾರಿ, ಗಾಡಿಯನ್ನು ವಿದ್ಯುತ್ತಿನಿಂದ ಓಡಿಸಿದರೆ ಹೇಗೆ ಎಂದು ಯೋಚಿಸತೊಡಗಿದರು. ಕೆಳಗೆ ಹಳಿ, ಮೇಲೆ ಇನ್ನೊಂದು ವಾಹಕ, ನಡುವೆ ಗಾಡಿ. ಮೇಲಿನದನ್ನು ಮುಟ್ಟುವ ಭಾಗ ತಾನೇ ಏರಿಳಿದು ಹೊಂದಿಕೊಳ್ಳಬೇಕು. ಅವರ ಮನಸ್ಸಿನಲ್ಲಿ ಅಂದೇ ಮೂಡಿದ ಚಿತ್ರ ಇದು.

ಇಲ್ಲಿ ಆ ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರೆಂಟಿಗೆ ಹೋಗುವ ದಾರಿಯೂ ಬೇಕು, ಮರಳುವ ದಾರಿಯೂ ಬೇಕು. ಮರಳುವ ದಾರಿ ಸುಲಭ. ಗಾಡಿಯ ಭಾರವೆಲ್ಲ ಕಬ್ಬಿಣದ ಗಾಲಿಯ ಮೂಲಕ ಕಬ್ಬಿಣದ ಹಳಿಯ ಮೇಲೆ ಕೂತಿರುತ್ತದೆ, ಆ ಸಂಪರ್ಕ ತಪ್ಪುವುದು ಅಪರೂಪ. ಹೋಗುವ ದಾರಿಯದೇ ಕಷ್ಟ. ಬರ್ಲಿನ್ನಿನ ಹೊರವಲಯದಲ್ಲಿ 1881ರಲ್ಲಿ ಸೀಮೆನ್ಸ್ ಕಂಪನಿ ಓಡಿಸಿದ ಟ್ರಾಮಿಗೆ ಎರಡು ಹಳಿಗಳೇ ಎರಡು ತಂತಿ. ಬೀದಿಯಲ್ಲಿ ಹಾಗೆ ಮಾಡಿದರೆ ಹಳಿ ದಾಟುವ ಕುದುರೆ, ಮನುಷ್ಯರಿಗೆಲ್ಲ ಶಾಕ್. ಕೆಲವರು ಸೀಳಿದ ಕೊಳವೆಯನ್ನು ಮೇಲೆ ತೂಗುಹಾಕಿ ಅದರೊಳಗೆ ಒಂದು ತುಂಡನ್ನು ಎಳೆಸಿದರು. ಕೆಲವರು ಹಳಿಗಳ ನಡುವೆ ಕಾಲುವೆ ತೋಡಿ ತಂತಿ ಹೂತರು, ಕೆಸರು ನೀರು ತುಂಬಿ ಅದು ಕೆಟ್ಟಿತು. ಇನ್ನು ಕೆಲವರು ತಂತಿಗಳ ಮೇಲೆ ಪುಟ್ಟ ನಾಲ್ಕು ಗಾಲಿಯ ಬಂಡಿಯೊಂದನ್ನು ಕೂರಿಸಿ, ಟ್ರಾಮಿನಿಂದ ಮೆದುವಾದ ತಂತಿ ಕಟ್ಟಿ ನಾಯಿಮರಿಯ ಹಾಗೆ ಎಳೆದುಕೊಂಡು ಹೋದರು. ಆ ಪುಟ್ಟ ಬಂಡಿಯ ಹೆಸರಿನಿಂದಲೇ ಟ್ರಾಲಿ ಎಂಬ ಮಾತು ಬಂದಿತೆನ್ನುತ್ತಾರೆ. ಅದು ಆಗಾಗ ತಂತಿ ಬಿಟ್ಟು ಕೆಳಗೆ ಬೀಳುತ್ತಿತ್ತು. ಯಾರ ತಲೆಯ ಮೇಲೆ ಎಂದು ಹೇಳುವಂತಿರಲಿಲ್ಲ.

ಸ್ಪ್ರೇಗ್ 1883ರಲ್ಲಿ ನೌಕಾದಳಕ್ಕೆ ರಾಜೀನಾಮೆ ಕೊಟ್ಟು ಎಡಿಸನ್ ಅವರ ಬಳಿ ಕೆಲಸಕ್ಕೆ ಸೇರಿದರು. ಊರಿಗೆ ದೀಪದ ತಂತಿ ಎಳೆಯುವಾಗ ಎಷ್ಟು ದಪ್ಪದ ತಾಮ್ರ ಬೇಕೆಂಬುದನ್ನು ಎಡಿಸನ್ ತಂಡದವರು ಮಾದರಿಗಳನ್ನು ಕಟ್ಟಿ ನೋಡಿ ತೀರ್ಮಾನಿಸುತ್ತಿದ್ದರು. ಸ್ಪ್ರೇಗ್ ಅದನ್ನು ಲೆಕ್ಕದಿಂದ ಕಂಡುಹಿಡಿಯುವ ಬಗೆ ತೋರಿಸಿದರು. ಆದರೆ ಎಡಿಸನ್ ಅವರ ಚಿತ್ತವೆಲ್ಲ ದೀಪದಲ್ಲಿ, ಇವರದು ಮೋಟಾರಿನಲ್ಲಿ. ಒಂದೇ ವರ್ಷಕ್ಕೆ ಹೊರಬಂದು 1884ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಹೊರೆ ಹೆಚ್ಚುಕಡಿಮೆಯಾದರೂ ಒಂದೇ ವೇಗದಲ್ಲಿ ತಿರುಗುವ, ಕಿಡಿ ಹಾರಿಸದ ಅವರ ಮೋಟಾರು ಕಾರ್ಖಾನೆಗಳಲ್ಲಿ ಚೆನ್ನಾಗಿ ಮಾರಾಟವಾಯಿತು.

1887ರಲ್ಲಿ ವರ್ಜೀನಿಯ ರಾಜ್ಯದ ರಿಚ್ಮಂಡ್ ನಗರದಿಂದ ಒಂದು ಕರಾರು ಬಂತು. ಸುಮಾರು 12 ಮೈಲಿ ಹಳಿ, 40 ಟ್ರಾಮು, ಪ್ರತಿಯೊಂದಕ್ಕೂ ಎರಡು ಮೋಟಾರು, ಪೂರ್ತಿ ತಂತಿಜಾಲ, 375 ಅಶ್ವಶಕ್ತಿಯ ವಿದ್ಯುದಾಗಾರ, ಎಲ್ಲವನ್ನೂ 90 ದಿನಗಳಲ್ಲಿ ಮಾಡಿಕೊಡಬೇಕು. ಕೊಡುವ ಹಣ 1,10,000 ಡಾಲರ್, ಅದೂ ಕೆಲಸ ತೃಪ್ತಿಕರವಾದರೆ ಮಾತ್ರ. ಸಹಿ ಹಾಕುವಾಗ ಸ್ಪ್ರೇಗ್ ಅವರ ಕೈಯಲ್ಲಿದ್ದದ್ದು ಕೆಲವು ನಕ್ಷೆ, ಒಂದಿಷ್ಟು ಪ್ರಯೋಗದ ಅನುಭವ, ಮೂವತ್ತು ವರ್ಷದ ಪ್ರಾಯ. ನಮ್ಮ ಕಡೆಯ ಯಾವ ಕಂಟ್ರಾಕ್ಟರೂ ಇಂಥ ಕಾಗದಕ್ಕೆ ಸಹಿ ಹಾಕುವುದಿಲ್ಲ. ಹಾಕಿದ ಕೆಲವೇ ದಿನಗಳಲ್ಲಿ ಅವರಿಗೆ ವಿಷಮಶೀತ ಜ್ವರ ಬಂದು ವಾರಗಟ್ಟಲೆ ಹಾಸಿಗೆ ಹಿಡಿದರು. ಕೆಲಸ ನಿಲ್ಲದಂತೆ ನೋಡಿಕೊಂಡವರು ಡಾನಾ ಗ್ರೀನ್ ಮತ್ತು ಆಸ್ಕರ್ ಕ್ರಾಸ್ಬಿ ಎಂಬ ಇಬ್ಬರು ಸಹಾಯಕರು.

ಎದ್ದು ಬಂದು ರಿಚ್ಮಂಡಿನ ಹಳಿ ನೋಡಿದಾಗ ಅವರ ಎದೆ ಧಸಕ್ಕೆಂದಿರಬೇಕು. ಕೆಂಪು ಜೇಡಿ ಮಣ್ಣಿನ ಮೇಲೆ ಕಾಟಾಚಾರಕ್ಕೆ ಹಾಸಿದ ಹಳಿ, ಕಡಿದಾದ ತಿರುವುಗಳು. ಕೆಲವೆಡೆ ನೂರು ಅಡಿಗೆ ಹತ್ತಡಿ ಏರುವ ದಿಬ್ಬ. ಬರಿಯ ಗಾಲಿಯ ಹಿಡಿತದಿಂದ ಗಾಡಿ ಇದನ್ನು ಹತ್ತೀತೇ ಎಂಬ ಅನುಮಾನ ಅವರಿಗೇ ಇತ್ತು. 1887ರ ನವೆಂಬರಿನ ಒಂದು ರಾತ್ರಿ ಪರೀಕ್ಷೆಗೆಂದು ಗಾಡಿ ಹೊರಡಿಸಿದರು. ಗಾಡಿ ದಿಬ್ಬಗಳನ್ನು ಹತ್ತಿಯೇಬಿಟ್ಟಿತು, ಆದರೆ ಮೋಟಾರು ಕಾದು ಸುಟ್ಟಿತು. ಸುತ್ತ ಜನ ಜಮಾಯಿಸಿದರು. ಸಣ್ಣ ದೋಷ, ಉಪಕರಣ ತರಿಸಿ ಸರಿಪಡಿಸುತ್ತೇವೆಂದು ಎಲ್ಲರಿಗೂ ಕೇಳುವಂತೆ ಹೇಳಿ ಗ್ರೀನ್ ಅವರನ್ನು ಕಳಿಸಿದ ಸ್ಪ್ರೇಗ್, ದೀಪ ಆರಿಸಿ ಗಾಡಿಯ ಸೀಟಿನ ಮೇಲೆ ಮಲಗಿಬಿಟ್ಟರು. ಜನ ಕಾದು ಕಾದು ಮನೆಗೆ ಹೋದರು. ನಡುರಾತ್ರಿಯ ಕತ್ತಲಲ್ಲಿ ಆ ಉಪಕರಣಗಳು ಬಂದವು: ನಾಲ್ಕು ಬಲವಾದ ಹೇಸರಗತ್ತೆಗಳು. ಗಾಡಿಯನ್ನು ಅವೇ ಎಳೆದುಕೊಂಡು ಹೋದವು.

ಮೋಟಾರನ್ನು ಕೂರಿಸಿದ ಬಗೆಯಲ್ಲೂ ಸಂಪರ್ಕದ ಪ್ರಶ್ನೆಯೇ ಇತ್ತು. ಮೋಟಾರನ್ನು ಗಾಡಿಯ ಒಡಲಿಗೆ ಬಿಗಿದರೆ, ಹಳಿಯ ಕುಲುಕಾಟಕ್ಕೆ ಮೋಟಾರಿನ ಹಲ್ಲುಚಕ್ರ ಇರಸಿನ ಹಲ್ಲುಚಕ್ರದಿಂದ ದೂರ ಹೋಗಿ ಹಲ್ಲು ಮುರಿಯುತ್ತಿತ್ತು. ಸ್ಪ್ರೇಗ್ ಮೋಟಾರಿನ ಒಂದು ತುದಿಯನ್ನು ಇರಸಿನ ಮೇಲೇ ಕೂರಿಸಿ, ಇನ್ನೊಂದು ತುದಿಯನ್ನು ಸ್ಪ್ರಿಂಗಿನ ಮೇಲೆ ತೂಗುಬಿಟ್ಟರು. ಗಾಲಿ ಎಷ್ಟೇ ಎಗರಿದರೂ ಎರಡು ಹಲ್ಲುಚಕ್ರಗಳ ನಡುವಿನ ದೂರ ಕೂದಲಿನಷ್ಟೂ ಬದಲಾಗುವುದಿಲ್ಲ. ಇಂದಿಗೂ ಎಷ್ಟೋ ರೈಲು ಎಂಜಿನ್ನುಗಳಲ್ಲಿ ಮೋಟಾರು ಕೂರುವುದು ಹೀಗೆಯೇ.

ಉಳಿದದ್ದು ತಲೆಯ ಮೇಲಿನ ತಂತಿ. ಇಲ್ಲಿ ಅವರ ತಂಡ ನಲವತ್ತಕ್ಕೂ ಹೆಚ್ಚು ಬಗೆಯ ಕೋಲುಗಳನ್ನು ಮಾಡಿ ಮಾಡಿ ಬಿಸಾಡಿತು. ಕೊನೆಗೆ ನಿಂತ ರೂಪ ತೀರ ಸರಳ. ಗಾಡಿಯ ಮಾಡಿನ ಮೇಲೆ ತಿರುಗುವ ಒಂದು ಪೀಠ, ಅದಕ್ಕೆ ಬಲವಾದ ಸ್ಪ್ರಿಂಗು, ಅದರಿಂದ ಹಿಂದಕ್ಕೆ ವಾಲಿದ ಒಂದು ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಗಾಡಿ ಕೊರೆದ ಒಂದು ಸಣ್ಣ ಚಕ್ರ. ನಮ್ಮ ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ರಾಟೆಯ ಮೇಲೆ ಹಗ್ಗ ಹಾಯ್ದು ಹೋಗುವ ಹಾಗೆಯೇ ಈ ಚಕ್ರದ ಮೇಲೆ ತಂತಿ ಹಾಯುತ್ತದೆ. ಬಾವಿಯಲ್ಲಿ ಕೊಡದ ಭಾರ ಹಗ್ಗವನ್ನು ರಾಟೆಗೆ ಒತ್ತಿದರೆ, ಇಲ್ಲಿ ಸ್ಪ್ರಿಂಗು ರಾಟೆಯನ್ನೇ ಕೆಳಗಿನಿಂದ ತಂತಿಗೆ ಒತ್ತುತ್ತದೆ. ತಂತಿ ಎರಡು ಕಂಬಗಳ ನಡುವೆ ಜೋಲುತ್ತದೆ, ಬಿಸಿಲಿಗೆ ಇನ್ನಷ್ಟು ಜೋಲಿ ಚಳಿಗೆ ಬಿಗಿಯುತ್ತದೆ. ಕೋಲು ಅದರ ಜೊತೆಗೇ ಏರಿಳಿಯುತ್ತದೆ. ಸ್ಪ್ರಿಂಗು ಸಡಿಲವಾದರೆ ಪ್ರತಿ ಕುಲುಕಿಗೂ ಚಕ್ರ ತಂತಿ ಬಿಟ್ಟು ಕಿಡಿ ಹಾರಿ ಎರಡೂ ಸುಡುತ್ತವೆ. ಬಹಳ ಬಿಗಿಯಾದರೆ ತಂತಿ ಸವೆಯುತ್ತದೆ. ಮೇಲಾಗಿ ಚಕ್ರ ಜಾರಿದಾಗ ಕೋಲು ಚಾಟಿಯಂತೆ ಮೇಲಕ್ಕೆ ಹಾರಿ ಅಡ್ಡತಂತಿಗಳನ್ನೇ ಹರಿದುಹಾಕುತ್ತದೆ.

ಕೋಲೊಂದೇ ಸರಿಯಾದರೆ ಸಾಲದು, ತಂತಿಯೂ ಸರಿಯಿರಬೇಕು. ತಿರುವಿನಲ್ಲಿ ಹಳಿ ಬಾಗುತ್ತದೆ, ಬಿಗಿದ ತಂತಿ ತಾನಾಗಿ ಬಾಗುವುದಿಲ್ಲ. ಅದನ್ನು ಅಲ್ಲಲ್ಲಿ ಪಕ್ಕದ ಕಂಬಗಳಿಗೆ ಎಳೆದು ಕಟ್ಟಿ ಸಣ್ಣ ಸಣ್ಣ ನೇರ ತುಂಡುಗಳ ಬಿಲ್ಲನ್ನು ಮಾಡಬೇಕು. ದಾರಿ ಕವಲೊಡೆಯುವಲ್ಲಿ ಚಕ್ರ ಸರಿಯಾದ ತಂತಿಗೆ ಹೋಗುವಂತೆ ಲೋಹದ ಕವಲುತುಂಡು ಕೂರಿಸಬೇಕು. ತೆಳುವಾದ ಒಂದೇ ತಂತಿಯಲ್ಲಿ ಅಷ್ಟು ಗಾಡಿಗೆ ಬೇಕಾದ ಕರೆಂಟು ಹರಿಯದು. ಆದ್ದರಿಂದ ಸ್ಪ್ರೇಗ್ ಬೇರೊಂದು ದಪ್ಪ ತಂತಿಯನ್ನು ಜೊತೆಗೇ ಎಳೆದು, ಅಲ್ಲಲ್ಲಿ ಅದರಿಂದ ಇದಕ್ಕೆ ಕರೆಂಟು ಊಡಿಸಿದರು. ಚಳಿಗಾಲದಲ್ಲಿ ತಂತಿಗೆ ಮಂಜುಗಡ್ಡೆ ಮೆತ್ತಿ ಸಂಪರ್ಕವೇ ತಪ್ಪಿತು. ಆಗ ಒಬ್ಬ ಕೆಲಸಗಾರ ಪೊರಕೆ ಹಿಡಿದು ಗಾಡಿಯ ಮಾಡಿನ ಮೇಲೆ ಹತ್ತಿ ಗಡ್ಡೆ ಉದುರಿಸುತ್ತ ಸಾಗಿದ. ಮಳೆಗಾಲದ ರಾತ್ರಿ ಬಿದಿರುಕೋಲು ಹಿಡಿದು ತಂತಿಯ ಮೇಲಿನ ಕೊಂಬೆ ಸರಿಸಿದ ನಮ್ಮ ಲೈನ್‌ಮನ್‌ಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆಲಸದ ಮೇಲೆ ಕೋಲ್ಕತ್ತಕ್ಕೆ ಹೋಗಿದ್ದಾಗ ನಾನು ಇದೇ ಬಗೆಯ ಕೋಲಿನ ಟ್ರಾಮನ್ನು ಕಣ್ಣಾರೆ ಕಂಡೆ. ಸಂಜೆಯ ಜನಜಂಗುಳಿಯಲ್ಲಿ, ಒಂದು ತಿರುವಿನಲ್ಲಿ ಕೋಲು ತಂತಿಯಿಂದ ಜಾರಿತು. ಗಾಡಿ ನಿಂತಿತು, ದೀಪ ಆರಿದವು. ಕಂಡಕ್ಟರು ಅವಸರವಿಲ್ಲದೆ ಇಳಿದು, ಹಿಂದೆ ಇಳಿಬಿಟ್ಟಿದ್ದ ಹಗ್ಗ ಹಿಡಿದು ಜಗ್ಗಿ, ಕತ್ತೆತ್ತಿ ನೋಡುತ್ತ ಕೋಲನ್ನು ತಂತಿಗೆ ಸೇರಿಸಿದರು. ದೀಪ ಹತ್ತಿದವು. ಒಳಗೆ ಕೂತವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ನಾನೊಬ್ಬನೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

1888ರ ಫೆಬ್ರವರಿ 2ರಂದು ರಿಚ್ಮಂಡಿನಲ್ಲಿ ಟ್ರಾಮು ಸಾರ್ವಜನಿಕರಿಗೆ ತೆರೆಯಿತು. ಬೇಸಿಗೆಯ ಹೊತ್ತಿಗೆ ಕರಾರಿನ ನಲವತ್ತೂ ಗಾಡಿಗಳು ಓಡಿದವು. ಕೈಯಿಂದ ಹೋದ ಹಣ ಬಂದ ಹಣಕ್ಕಿಂತ ಎಷ್ಟೋ ಹೆಚ್ಚು. ಮೋಟಾರಿನೊಳಗಿನ ಲೋಹದ ಬ್ರಷ್ಷುಗಳು ಸವೆದು ಸವೆದು ದಿನವೂ ಹೊಸದು ಹಾಕಬೇಕಾಗಿತ್ತು. ಆ ಜಾಗಕ್ಕೆ ಇಂಗಾಲದ ಬ್ರಷ್ಷು ತಂದು ತೊಂದರೆ ಕಳೆದವರು ಚಾರ್ಲ್ಸ್ ವಾನ್ ಡೆಪೋಲ್ ಎಂಬ ಬೆಲ್ಜಿಯಂ ಮೂಲದ ಶಿಲ್ಪಿ. ಇವರ ಹೆಸರನ್ನು ಇನ್ನೊಂದು ಕಾರಣಕ್ಕೂ ಹೇಳಬೇಕು. ಸ್ಪ್ರಿಂಗಿನ ಕೋಲನ್ನು ತಂತಿಗೆ ಕೆಳಗಿನಿಂದ ಒತ್ತುವ ಉಪಾಯವನ್ನು ಅವರು 1885ರಲ್ಲೇ ಟೊರಾಂಟೊ ಪ್ರದರ್ಶನದಲ್ಲಿ ಓಡಿಸಿ ತೋರಿಸಿದ್ದರು, ಪೇಟೆಂಟು ಸಿಕ್ಕಿದ್ದೂ ಅವರಿಗೇ. ಸ್ಪ್ರೇಗ್ ಅವರೇ ಮೊದಲಿಗರು ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುವುದು ಸರಿಯಲ್ಲ. ಒಂದು ಗಾಡಿಗೆ ಕೂರಿಸಿದ ಉಪಾಯವನ್ನು ನಲವತ್ತು ಗಾಡಿಗಳಿಗೆ, ದಿಬ್ಬ ತಿರುವುಗಳ ಊರಿನಲ್ಲಿ, ದಿನವಿಡೀ ನಿಲ್ಲದಂತೆ ನಡೆಸಿದ್ದು ಇವರ ಹೆಚ್ಚುಗಾರಿಕೆ. ನನ್ನ ಮಟ್ಟಿಗೆ ಇದು ಮೊದಲಿನದಕ್ಕಿಂತ ಸಣ್ಣ ಕೆಲಸವೇನಲ್ಲ.

ಆ ಬೇಸಿಗೆಯಲ್ಲಿ ಬಾಸ್ಟನ್ನಿನ ಟ್ರಾಮು ಕಂಪನಿಯ ಮುಖ್ಯಸ್ಥ ಹೆನ್ರಿ ವಿಟ್ನಿ ರಿಚ್ಮಂಡಿಗೆ ಬಂದರು. ಕುದುರೆ ಟ್ರಾಮನ್ನು ಬಿಟ್ಟು ನೆಲದೊಳಗಿನ ಉಕ್ಕಿನ ಹಗ್ಗದಿಂದ ಎಳೆಸುವುದೋ, ವಿದ್ಯುತ್ತಿಗೆ ಹೋಗುವುದೋ ಎಂಬ ತೀರ್ಮಾನಕ್ಕೆ. ಹಲವು ಗಾಡಿಗಳು ಒಂದೇ ಕಡೆ ಗುಂಪಾದರೆ ತಂತಿ ತಡೆದೀತೇ ಎಂಬುದು ಅವರ ಜೊತೆ ಬಂದವರ ಸಂಶಯ. ಸ್ಪ್ರೇಗ್ ಆ ರಾತ್ರಿ ಸಂಚಾರ ಮುಗಿದ ಮೇಲೆ 22 ಗಾಡಿಗಳನ್ನು ಒಂದರ ಹಿಂದೊಂದು ಒತ್ತಾಗಿ ನಿಲ್ಲಿಸಿದರು. ತಂತಿಯ ಆ ಭಾಗ ನಾಲ್ಕು ಗಾಡಿಗಳಿಗೆಂದು ಲೆಕ್ಕ ಹಾಕಿದ್ದು. ವಿದ್ಯುದಾಗಾರದವರಿಗೆ, ಏನಾದರೂ ಸರಿ ಉಗಿ ಇಳಿಯಬಾರದು, ಫ್ಯೂಸು ಹಾರಬಾರದು ಎಂದು ಮೊದಲೇ ಹೇಳಿಟ್ಟರು. ಲಾಂದ್ರದ ಸನ್ನೆಯಾದೊಡನೆ ಮೊದಲ ಗಾಡಿ, ಅದು ಸರಿದ ಕೂಡಲೇ ಎರಡನೆಯದು, ಹೀಗೆ ಒಂದೊಂದಾಗಿ ಹೊರಟವು. ವೋಲ್ಟೇಜು ಪಾತಾಳಕ್ಕಿಳಿದು ದೀಪಗಳು ಕೆಂಪು ಕೆಂಡದ ಹಾಗೆ ಮಂಕಾದವು. ಗಾಡಿಗಳು ಮಾತ್ರ ನಿಲ್ಲಲಿಲ್ಲ, ಇಪ್ಪತ್ತೆರಡೂ ಕಣ್ಮರೆಯಾಗುವವರೆಗೆ ಸಾಗಿದವು. ವಿಟ್ನಿ ವಿದ್ಯುತ್ತನ್ನೇ ಆರಿಸಿಕೊಂಡರು. ಎರಡು ವರ್ಷ ಕಳೆಯುವುದರೊಳಗೆ ನೂರಕ್ಕೂ ಹೆಚ್ಚು ಕಡೆ ಸ್ಪ್ರೇಗ್ ಸಲಕರಣೆಯ ಟ್ರಾಮು ಓಡುತ್ತಿತ್ತು ಅಥವಾ ಕೆಲಸ ಶುರುವಾಗಿತ್ತು. ರಿಚ್ಮಂಡಿನ ಏಳು ವರ್ಷಕ್ಕೆ, 1895ರಲ್ಲಿ, ನಮ್ಮ ನೆರೆಯ ಮದರಾಸಿನಲ್ಲಿ ಭಾರತದ ಮೊದಲ ವಿದ್ಯುತ್ ಟ್ರಾಮು ಓಡಿತು.

1890ರಲ್ಲಿ ಎಡಿಸನ್ ಜನರಲ್ ಎಲೆಕ್ಟ್ರಿಕ್ ಕಂಪನಿ ಇವರ ಕಂಪನಿಯನ್ನು ಕೊಂಡಿತು. ಕೊಂಡವರು ಸಲಕರಣೆಗಳ ಮೇಲಿದ್ದ ಸ್ಪ್ರೇಗ್ ಹೆಸರನ್ನು ಅಳಿಸಿ ಎಡಿಸನ್ ಹೆಸರು ಹಾಕಿದರು. ಸ್ಪ್ರೇಗ್ ರಾಜೀನಾಮೆ ಕೊಟ್ಟು ಹೊರನಡೆದರು. ವಿದ್ಯುತ್ ರೈಲು ಎಡಿಸನ್ ಅವರ ಕೊಡುಗೆ ಎಂದು ಪತ್ರಿಕೆಗಳು ಬರೆದಾಗಲೆಲ್ಲ ಕೊನೆಯವರೆಗೂ ತಕರಾರು ತೆಗೆಯುತ್ತಿದ್ದರು. ಇದನ್ನು ಅವರ ಹಟ ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಂದಹಾಗೆ, ಎಡಿಸನ್ ಕಂಪನಿ 1892ರಲ್ಲಿ ಇನ್ನೊಂದರೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ಯಂತ್ರಗಳನ್ನು ಮೈಸೂರು ಸರ್ಕಾರಕ್ಕೆ ಒದಗಿಸಿದ್ದು ಇದೇ ಕಂಪನಿ.

ಆಮೇಲೆ ಅವರು ಹಿಡಿದದ್ದು ಎತ್ತರದ ಕಟ್ಟಡಗಳ ಲಿಫ್ಟಿನ ಕೆಲಸ. ಅದನ್ನೂ ಗೆದ್ದು ಓಟಿಸ್ ಕಂಪನಿಗೆ ಮಾರಿದರು. ಹಲವು ಲಿಫ್ಟುಗಳನ್ನು ಒಂದೇ ಕಡೆಯಿಂದ ನಡೆಸುವ ಯೋಚನೆಯಿಂದಲೇ ಅವರ ಮತ್ತೊಂದು ದೊಡ್ಡ ಉಪಾಯ ಹುಟ್ಟಿತು. ರೈಲಿನ ಮುಂದೆ ಒಂದು ಎಂಜಿನ್ ಕಟ್ಟುವ ಬದಲು ಪ್ರತಿ ಬೋಗಿಗೂ ಅದರದೇ ಮೋಟಾರು, ಎಲ್ಲವೂ ಮುಂದಿನ ಒಂದೇ ಹಿಡಿಕೆಗೆ ಒಟ್ಟಿಗೆ ಕೇಳುವಂತೆ ಬೋಗಿಯಿಂದ ಬೋಗಿಗೆ ಸಣ್ಣ ತಂತಿಗಳ ಜೋಡಣೆ. ಷಿಕಾಗೊದ ಎತ್ತರದ ರೈಲುದಾರಿಗಾಗಿ 1897ರ ಜುಲೈನಲ್ಲಿ ಆರು ಬೋಗಿಗಳ ರೈಲನ್ನು ಪರೀಕ್ಷಿಸಿದಾಗ ಹಿಡಿಕೆ ಹಿಡಿದವನು ಅವರ ಮಗ ಡೆಸ್ಮಂಡ್, ಹತ್ತು ವರ್ಷದ ಹುಡುಗ. ಬೆಂಗಳೂರಿನ ನಮ್ಮ ಮೆಟ್ರೊ ಹತ್ತಿದವರು ಮುಂದೆ ಎಂಜಿನ್ ಎಲ್ಲಿ ಎಂದು ಹುಡುಕಿರಬಹುದು. ಅಲ್ಲಿ ಎಂಜಿನ್ ಇಲ್ಲದಿರುವುದಕ್ಕೆ ಮೂಲ ಇದೇ.

ಆ ಮೆಟ್ರೊಗೆ ಮೇಲೆ ತಂತಿಯೂ ಇಲ್ಲ. ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟು ಬರುತ್ತದೆ. ಮೂರನೆಯ ಹಳಿಯ ವಿಷಯದಲ್ಲೂ ಸ್ಪ್ರೇಗ್ ಕೈ ಆಡಿಸಿದ್ದಾರೆ. 1902ರ ಜನವರಿಯಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆಯಿಂದ ಸಿಗ್ನಲ್ ಕಾಣದೆ ಎರಡು ರೈಲು ಢಿಕ್ಕಿಯಾಗಿ 15 ಜನ ಸತ್ತರು. ಅಲ್ಲಿ ಉಗಿಬಂಡಿಗೆ ನಿಷೇಧ ಬಂದು ವಿದ್ಯುತ್ ತರುವ ಸಮಿತಿಯಲ್ಲಿ ಇವರೂ ಇದ್ದರು. ಹಳಿಯ ಮೇಲ್ಭಾಗದಿಂದ ಕರೆಂಟು ತೆಗೆದರೆ ಹಿಮ ಬಿದ್ದಾಗ ಸಂಪರ್ಕ ತಪ್ಪುತ್ತದೆ. ವಿಲಿಯಂ ವಿಲ್ಗಸ್ ಮತ್ತು ಸ್ಪ್ರೇಗ್ ಸೇರಿ ಹಳಿಯ ಮೇಲೆ ಪಕ್ಕದಲ್ಲಿ ಹೊದಿಕೆ ಕೊಟ್ಟು ಕೆಳಭಾಗದಿಂದ ಮುಟ್ಟುವ ವ್ಯವಸ್ಥೆ ಮಾಡಿದರು. ರಿಚ್ಮಂಡಿನ ಪೊರಕೆಯನ್ನು ಅವರು ಮರೆತಿರಲಿಲ್ಲವೆಂದು ಕಾಣುತ್ತದೆ.

ಎಪ್ಪತ್ತು ದಾಟಿದ ಮೇಲೂ ಒಂದೇ ಬಾವಿಯಲ್ಲಿ ಎರಡು ಲಿಫ್ಟು ಓಡಿಸುವ ಯೋಜನೆಯಲ್ಲಿ ಮುಳುಗಿದ್ದರು. 1932ರಲ್ಲಿ ಎಪ್ಪತ್ತೈದು ತುಂಬಿದಾಗ ನ್ಯೂಯಾರ್ಕಿನಲ್ಲಿ ಎಂಜಿನಿಯರುಗಳೆಲ್ಲ ಸೇರಿ ಸನ್ಮಾನ ಮಾಡಿ, ಬಂದ ಅಭಿನಂದನಾ ಪತ್ರಗಳನ್ನು ಪುಸ್ತಕಗಳಾಗಿ ಕಟ್ಟಿಸಿ ಕೊಟ್ಟರು. 1934ರ ಅಕ್ಟೋಬರ್ 25ರಂದು ತೀರಿಕೊಂಡರು. ಒಂದು ಕಾಲದ ನೌಕಾ ಅಧಿಕಾರಿಯಾದ್ದರಿಂದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ರಿಚ್ಮಂಡಿನ ಟ್ರಾಮುಗಳು 1949ರವರೆಗೆ ಓಡಿ, ಬಸ್ಸುಗಳಿಗೆ ಜಾಗ ಬಿಟ್ಟವು. ಸೋದರತ್ತೆಯ ಊರಾದ ನಾರ್ತ್ ಆಡಮ್ಸಿನಲ್ಲಿ ಡ್ರೂರಿ ಹೈಸ್ಕೂಲು ಅದೇ ಹೆಸರಿನಲ್ಲಿ ಈಗಲೂ ನಡೆಯುತ್ತಿದೆ.